ಲಾಂಛನ ಇದೆ, ಕನ್ನಡ ಇದೆ, ‘ಅರ್ಜಿ ಸಲ್ಲಿಸಿ’ ಬಟನ್ ಇದೆ: ಹಾಗಾದರೆ ಆ ಲಿಂಕ್ ಸರ್ಕಾರದ್ದೇ?

ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಒಂದು ಊರಿನ ವಾಟ್ಸ್‌ಆ್ಯಪ್ ಗ್ರೂಪನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಹೊತ್ತಿಗೆ ಒಂದು ಸಂದೇಶ ಬರುತ್ತದೆ: “ಆಲೂಗೆಡ್ಡೆ ಬೆಳೆಗಾರರಿಗೆ 12,000 ರೂಪಾಯಿ ಸಹಾಯಧನ. ಇಂದೇ ಕೊನೆಯ ದಿನ. ಕೂಡಲೇ ಅರ್ಜಿ ಹಾಕಿ, ಎಲ್ಲ ರೈತರಿಗೂ ತಲುಪಿಸಿ.” ಕೆಳಗೆ ಒಂದು ಲಿಂಕ್. ಒತ್ತಿದರೆ ಮೇಲ್ಗಡೆ ಗಂಡಭೇರುಂಡದ ಲಾಂಛನ, ಪಕ್ಕದಲ್ಲಿ ಮಂತ್ರಿಗಳ ಫೋಟೋ, ಚೊಕ್ಕ ಕನ್ನಡದಲ್ಲಿ ಶೀರ್ಷಿಕೆ, ಹೆಸರು ಮತ್ತು ಆಧಾರ್ ಸಂಖ್ಯೆ ತುಂಬಲು ಖಾಲಿ ಜಾಗ, ಕೊನೆಗೆ ಹಸಿರು ಬಣ್ಣದ ‘ಅರ್ಜಿ ಸಲ್ಲಿಸಿ’ ಬಟನ್. “ಅಕ್ಕಾ, ನಾನು ಹಾಕ್ದೆ, ನೀನೂ ಹಾಕು” ಎಂದು ಒಬ್ಬರು ಬರೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ಪಕ್ಕದೂರಿನ ಗ್ರೂಪಿನಲ್ಲೂ ಇರುತ್ತದೆ.

ಈ ಸಂದೇಶ ನಾವು ಉದಾಹರಣೆಗೆಂದು ಕಟ್ಟಿದ್ದು. ಆದರೆ ಇದೇ ಅಚ್ಚಿನ ಸಂದೇಶಗಳನ್ನು ಕಾಣದ ಫೋನು ಇರಲಿಕ್ಕಿಲ್ಲ. ಇಂಥ ಲಿಂಕ್ ನಂಬಿದವರನ್ನು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ನೋಡೋಕೆ ಗೌರ್ಮೆಂಟ್ ವೆಬ್‌ಸೈಟ್ ಥರಾನೇ ಇತ್ತು.”

ನೋಡಲು ಹಾಗೆ ಇರುವುದು ಸಾಕ್ಷಿಯೇ? ಅಲ್ಲ. ಯಾಕೆ ಅಲ್ಲ ಎಂಬುದು ತಿಳಿಯಬೇಕಾದರೆ ವೆಬ್ ಪುಟದ ಮುಖ ಹೇಗೆ ತಯಾರಾಗುತ್ತದೆ ಎಂದು ಒಮ್ಮೆ ನೋಡಬೇಕು.

ಕೋಡ್ ಬರೆಯದೆ ಪುಟ ಮಾಡುವುದು ಹೇಗೆ?

ವೆಬ್ ಪುಟ ಮಾಡಲು ಎಂಜಿನಿಯರಿಂಗ್ ಓದಿರಬೇಕು, ಕಂಪನಿ ಇರಬೇಕು, ಲಕ್ಷಾಂತರ ರೂಪಾಯಿ ಬೇಕು ಎಂಬ ಎಣಿಕೆ ನಮ್ಮಲ್ಲಿ ಅನೇಕರಿಗಿದೆ. ಇದು ಹಳೆಯ ಮಾತು. ಈಗ ಪುಟವನ್ನು ಬರೆಯುವುದಕ್ಕಿಂತ ಜೋಡಿಸುವುದೇ ಹೆಚ್ಚು.

ಒಂದು ಒಳ್ಳೆಯ ಕೆಲಸಕ್ಕೇ ಪುಟ ಮಾಡೋಣ. ಊರಿನ ಸ್ತ್ರೀಶಕ್ತಿ ಸಂಘದವರು ರಾಗಿ ಹುರಿಹಿಟ್ಟು, ಸಾಂಬಾರ್ ಪುಡಿ ಮಾರುತ್ತಾರೆ. ಬೆಂಗಳೂರಿನಲ್ಲಿರುವ ಊರಿನವರು ಫೋನಿನಿಂದಲೇ ಆರ್ಡರ್ ಕೊಡುವಂತಾಗಬೇಕು ಎಂದುಕೊಳ್ಳಿ. ವಿಕ್ಸ್, ಗೂಗಲ್ ಸೈಟ್ಸ್, ವರ್ಡ್‌ಪ್ರೆಸ್ ಮುಂತಾದವುಗಳಲ್ಲಿ ಒಂದು ಖಾತೆ ತೆರೆದರೆ ಪರದೆಯ ಮೇಲೆ ಒಂದು ಖಾಲಿ ಹಾಳೆ ಬರುತ್ತದೆ. ಅಂಚಿನಲ್ಲಿ ಬಿಡಿಭಾಗಗಳ ಸಾಲು ಇರುತ್ತದೆ: ಶೀರ್ಷಿಕೆ, ಚಿತ್ರ, ಬರೆಯುವ ಜಾಗ, ಬಟನ್, ನಕ್ಷೆ. ಬೇಕಾದದ್ದನ್ನು ಬೆರಳಿನಿಂದಲೋ ಮೌಸಿನಿಂದಲೋ ಎಳೆದು ಹಾಳೆಯ ಮೇಲೆ ಬಿಡಬೇಕು. ಬಿಟ್ಟ ಭಾಗದ ಮೇಲೆ ಒತ್ತಿದರೆ ಅದರ ಬಣ್ಣ, ಅಳತೆ, ಅಕ್ಷರಶೈಲಿ ಬದಲಿಸುವ ಪಟ್ಟಿ ತೆರೆಯುತ್ತದೆ. ರಂಗೋಲಿಯ ಅಚ್ಚು ಒತ್ತಿದಷ್ಟು ಸಲೀಸು.

ನಾವು ಹೀಗೆ ಜೋಡಿಸುತ್ತಿದ್ದಂತೆ ಆ ಸಾಧನ ಹಿಂದೆ ಕೂತು ಕೋಡ್ ಬರೆಯುತ್ತಿರುತ್ತದೆ. ಯಾವ ಭಾಗ ಯಾವುದರ ಕೆಳಗೆ ಎಂಬುದನ್ನು ಎಚ್‌ಟಿಎಂಎಲ್ ಎಂಬ ಭಾಷೆಯಲ್ಲಿ, ಬಣ್ಣ ಮತ್ತು ಅಳತೆಗಳನ್ನು ಸಿಎಸ್‌ಎಸ್ ಎಂಬ ಭಾಷೆಯಲ್ಲಿ ದಾಖಲಿಸುತ್ತದೆ. ‘ಪ್ರಕಟಿಸಿ’ ಎಂದು ಒತ್ತಿದರೆ ಪುಟ ಅಂತರ್ಜಾಲಕ್ಕೆ ಹೋಗುತ್ತದೆ. ಒಂದೆರಡು ಗಂಟೆಯ ಕೆಲಸ.

ಈ ವಿಚಾರ ಹೊಸದೂ ಅಲ್ಲ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಜಗತ್ತಿನ ಮೊದಲ ವೆಬ್ ಬ್ರೌಸರ್ ಬರೆದದ್ದು ನೆಕ್ಸ್ಟ್ ಎಂಬ ಕಂಪ್ಯೂಟರಿನಲ್ಲಿ. ಕಿಟಕಿ, ಬಟನ್‌ಗಳನ್ನು ಎಳೆದು ಕೂರಿಸುವ ‘ಇಂಟರ್‌ಫೇಸ್ ಬಿಲ್ಡರ್’ ಎಂಬ ಸಾಧನ ಆ ಯಂತ್ರದಲ್ಲಿ ಆಗಲೇ ಇತ್ತು. 1991ರಲ್ಲಿ ಮೈಕ್ರೋಸಾಫ್ಟ್‌ನ ವಿಶುವಲ್ ಬೇಸಿಕ್, 1997ರಲ್ಲಿ ಡ್ರೀಮ್‌ವೀವರ್, 2003ರಲ್ಲಿ ವರ್ಡ್‌ಪ್ರೆಸ್, 2006ರಲ್ಲಿ ವಿಕ್ಸ್ ಬಂದವು. ಇಂದು ದೊಡ್ಡ ಕಂಪನಿಗಳ ವಿನ್ಯಾಸಕಾರರು ಬಳಸುವ ಫಿಗ್ಮಾ 2016ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಪ್ರತಿ ಹೆಜ್ಜೆಯಲ್ಲೂ ಪುಟದ ಮುಖ ಮಾಡುವುದು ಇನ್ನಷ್ಟು ಸುಲಭವಾಯಿತು, ಅಗ್ಗವಾಯಿತು.

ಈಗ ಆ ಹುರಿಹಿಟ್ಟಿನ ಪುಟಕ್ಕೆ ಹಿಂತಿರುಗಿ. ಶೀರ್ಷಿಕೆ ಬದಲಿಸಿ, ಹುರಿಹಿಟ್ಟಿನ ಫೋಟೋ ಇದ್ದಲ್ಲಿ ಲಾಂಛನ ಕೂರಿಸಿ, ‘ಎಷ್ಟು ಕಿಲೋ’ ಎಂದಿದ್ದಲ್ಲಿ ‘ಆಧಾರ್ ಸಂಖ್ಯೆ’ ಎಂದು ಬರೆದರೆ ಏನಾಯಿತು? ನಾವು ಮೊದಲು ಹೇಳಿದ ಸಹಾಯಧನದ ಪುಟವೇ ತಯಾರಾಯಿತು. ಸಾಧನಕ್ಕೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಲಾಂಛನವೂ ಒಂದು ಚಿತ್ರವೇ. ರಾಷ್ಟ್ರಲಾಂಛನದ ದುರ್ಬಳಕೆ ತಡೆಯಲು 2005ರ ಕಾಯ್ದೆಯೇ ಇದೆ. ಆದರೆ ಕಾಯ್ದೆ ಶಿಕ್ಷೆ ಕೊಡಬಲ್ಲದು, ಚಿತ್ರವನ್ನು ಎಳೆದು ತಂದು ಅಂಟಿಸುವ ಕೈಯನ್ನು ಹಿಡಿಯಲಾರದು.

ಮುಖ ಬೇರೆ, ಹಿಂದಿನ ಕೆಲಸ ಬೇರೆ

ಯಾವ ವೆಬ್ ಅರ್ಜಿಗೂ ಎರಡು ಭಾಗ. ಒಂದು ನಮಗೆ ಕಾಣುವ ಮುಖ. ಇನ್ನೊಂದು ಕಾಣದ ಹಿಂಬದಿ: ನಾವು ತುಂಬಿದ ವಿವರ ಎಲ್ಲಿಗೆ ಹೋಗುತ್ತದೆ, ಯಾರ ಕಂಪ್ಯೂಟರಿನಲ್ಲಿ ಕೂರುತ್ತದೆ, ಯಾರು ಅದನ್ನು ಪರಿಶೀಲಿಸುತ್ತಾರೆ ಎಂಬುದು. ಸಾಧನ ಮಾಡಿಕೊಡುವುದು ಮುಖ್ಯವಾಗಿ ಮೊದಲನೆಯದನ್ನು. ‘ಅರ್ಜಿ ಸಲ್ಲಿಸಿ’ ಎಂಬ ಬಟನ್ ಒಂದು ಬಣ್ಣದ ಚೌಕ ಅಷ್ಟೇ. ಅದನ್ನು ಒತ್ತಿದಾಗ ವಿವರ ವಿಧಾನಸೌಧಕ್ಕೆ ಹೋಗುತ್ತದೋ, ಯಾವುದೋ ಊರಿನ ಕೋಣೆಯಲ್ಲಿ ಕೂತ ವಂಚಕನ ಪಟ್ಟಿಗೆ ಹೋಗುತ್ತದೋ ಎಂಬುದು ಬಟನ್ನಿನ ಮೇಲೆ ಬರೆದಿರುವುದಿಲ್ಲ.

ಹಿಂಬದಿ ಎಂದರೇನೆಂದು ನಮ್ಮ ರಾಜ್ಯದ್ದೇ ಒಂದು ಉದಾಹರಣೆಯಿಂದ ತಿಳಿಯೋಣ. ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆಯುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. 2000ದ ಸುಮಾರಿಗೆ ಜಾರಿಯಾದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅಲ್ಲಿ ಸಿಬ್ಬಂದಿಗೆ ಒಂದು ಪರದೆ ಇದ್ದರೆ, ರೈತರ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯೂ ಇತ್ತು. ಒಳಗೆ ಏನು ನಡೆಯುತ್ತಿದೆ ಎಂಬುದು ಎದುರು ನಿಂತವರಿಗೂ ಕಾಣಲಿ ಎಂದು ಹಾಗೆ ಮಾಡಿದ್ದರು. ಒಳ್ಳೆಯ ವಿನ್ಯಾಸ ಎಂದರೆ ಅದು.

ಆದರೆ ಜನ ಭೂಮಿಯನ್ನು ನಂಬಲು ಆ ಪರದೆಯೊಂದೇ ಕಾರಣವಲ್ಲ. ದಾಖಲೆ ತಿದ್ದುವ ಸಿಬ್ಬಂದಿ ತಮ್ಮ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಯಾರು ಏನು ತಿದ್ದಿದರು ಎಂಬುದು ಉಳಿಯುತ್ತಿತ್ತು. ಆಮೇಲೆ ‘ನಾನಲ್ಲ’ ಎನ್ನುವಂತಿರಲಿಲ್ಲ. ಬೆರಳಚ್ಚಿನ ಈ ಕಟ್ಟುನಿಟ್ಟು ಎಳೆದು ಬಿಟ್ಟ ಬಟನ್ನಿನಿಂದ ಬರುವುದಿಲ್ಲ. ಹೊಣೆ ಹೊತ್ತ ಕಚೇರಿ, ಹೊಣೆ ಹೊತ್ತ ಮನುಷ್ಯರು ಹಿಂದೆ ಇದ್ದರೆ ಮಾತ್ರ ಬರುತ್ತದೆ.

‘ಪರಿಶೀಲಿಸಲಾಗುತ್ತಿದೆ…’ ಎಂದು ತಿರುಗುವ ಚಕ್ರ

ನಕಲಿ ಪುಟದಲ್ಲಿ ನಮ್ಮನ್ನು ನಂಬಿಸುವ ಕೆಲವು ಭಾಗಗಳಿವೆ. ಅವು ಏನೆಂದು ಒಮ್ಮೆ ತಿಳಿದರೆ ಆಮೇಲೆ ಕಣ್ಣಿಗೆ ಬೀಳುತ್ತವೆ.

ತಿರುಗುವ ಚಕ್ರ: ಹೆಸರು ಹಾಕಿದ ಕೂಡಲೇ ‘ನಿಮ್ಮ ಅರ್ಹತೆ ಪರಿಶೀಲಿಸಲಾಗುತ್ತಿದೆ’ ಎಂದು ಚಕ್ರ ತಿರುಗುತ್ತದೆ, ಐದು ಸೆಕೆಂಡಿಗೆ ‘ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ’ ಎಂದು ಬರುತ್ತದೆ. ಪರಿಶೀಲನೆ ನಡೆದೇ ಇರುವುದಿಲ್ಲ. ಐದು ಸೆಕೆಂಡು ತಿರುಗಿ ಮುಂದಿನ ಪುಟ ತೋರಿಸು ಎಂದು ಮೊದಲೇ ಹೇಳಿಟ್ಟಿರುತ್ತಾರೆ. ಯಾವ ಹೆಸರು ಹಾಕಿದರೂ ಅಭಿನಂದನೆ ಸಿಗುತ್ತದೆ.

ಕೆಳಗಿನ ಕಾಮೆಂಟುಗಳು: ‘ನನಗೆ ಹಣ ಬಂತು, ಧನ್ಯವಾದ’ ಎಂದು ಫೇಸ್‌ಬುಕ್ಕಿನ ಥರ ಫೋಟೋ ಸಮೇತ ಕಾಣುತ್ತದೆ. ಅವೂ ಪುಟ ಮಾಡಿದವರೇ ಬರೆದ ಸಾಲುಗಳು. ‘ಲೈಕ್’ ಒತ್ತಲು ಹೋದರೆ ಏನೂ ಆಗದಿರುವುದೂ ಉಂಟು.

ಉಳಿದ ಸಮಯ, ಉಳಿದ ಅರ್ಜಿ: ‘ಇನ್ನು 37 ಮಂದಿಗೆ ಮಾತ್ರ’ ಎಂಬ ಎಣಿಕೆ ಇಳಿಯುತ್ತಿರುತ್ತದೆ. ಪುಟ ಮುಚ್ಚಿ ತೆರೆದರೆ ಮತ್ತೆ ಅಲ್ಲಿಂದಲೇ ಶುರುವಾಗಬಹುದು. ನಮಗೆ ಯೋಚಿಸಲು ಬಿಡುವು ಕೊಡಬಾರದು ಎಂಬುದಷ್ಟೇ ಅದರ ಕೆಲಸ.

‘ಇಷ್ಟು ಜನರಿಗೆ ಕಳುಹಿಸಿ’: 2021ರಲ್ಲಿ ಟಾಟಾ ಸಮೂಹದ 150ನೇ ವರ್ಷದ ಸಂಭ್ರಮಕ್ಕೆ ಕಾರು ಉಡುಗೊರೆ ಎಂಬ ಲಿಂಕ್ ದೇಶದ ತುಂಬ ಹರಿದಾಡಿತು. ಅದು ತನ್ನದಲ್ಲ ಎಂದು ಟಾಟಾ ಸಮೂಹವೇ ಪ್ರಕಟಣೆ ಕೊಡಬೇಕಾಯಿತು. ಇಂಥ ಪುಟಗಳಲ್ಲಿ ಉಡುಗೊರೆ ‘ಗೆದ್ದ’ ಮೇಲೆ ಅದನ್ನು ಗ್ರೂಪುಗಳಿಗೆ ಹಂಚಲು ಹೇಳುತ್ತಾರೆ. ವಂಚಕನಿಗೆ ನಿಮ್ಮ ನಂಬರ್ ಗೊತ್ತಿಲ್ಲ. ನಿಮ್ಮ ಚಿಕ್ಕಪ್ಪನಿಗೆ, ಸೊಸೆಗೆ, ಗೆಳೆಯನಿಗೆ ಗೊತ್ತು. ಅಪರಿಚಿತನ ಲಿಂಕ್ ನಾವು ಒತ್ತುವುದಿಲ್ಲ, ಮನೆಯವರ ಲಿಂಕ್ ಒತ್ತುತ್ತೇವೆ. ಹಾಗಾಗಿ ಹಂಚುವ ಕೆಲಸವನ್ನು ನಮ್ಮಿಂದಲೇ ಮಾಡಿಸುತ್ತಾರೆ.

ಇನ್ನೊಂದು ಮಾತು. ಲಿಂಕ್ ಕಳುಹಿಸಿದಾಗ ವಾಟ್ಸ್‌ಆ್ಯಪಿನಲ್ಲಿ ಅದರ ಮೇಲೆ ಚಿಕ್ಕ ಚಿತ್ರ, ಶೀರ್ಷಿಕೆ ಕಾಣುತ್ತದಲ್ಲ, ಅದು ವಾಟ್ಸ್‌ಆ್ಯಪ್ ಪರೀಕ್ಷಿಸಿ ಹಾಕಿದ್ದಲ್ಲ. ಪುಟ ಮಾಡಿದವರು ಯಾವ ಚಿತ್ರ ಇಟ್ಟಿದ್ದಾರೋ ಅದೇ ಅಲ್ಲಿ ಬರುತ್ತದೆ.

ಬೀಗದ ಗುರುತು ಇದ್ದರೆ ಸುರಕ್ಷಿತ ಅಲ್ಲವೇ?

ಇದು ಬಹಳ ಹಬ್ಬಿರುವ ತಪ್ಪು ತಿಳಿವಳಿಕೆ. ವಿಳಾಸದ ಪಕ್ಕದ ಬೀಗ ಹೇಳುವುದು ಇಷ್ಟೇ: ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ವಿವರವನ್ನು ದಾರಿಯಲ್ಲಿ ಬೇರೆಯವರು ಓದಲಾರರು. ತಾಣದ ಒಡೆಯ ಒಳ್ಳೆಯವನು ಎಂದು ಅದು ಹೇಳುವುದಿಲ್ಲ. ಕಳ್ಳನಿಗೇ ಲಕೋಟೆ ಬರೆದು ಅರಗು ಹಾಕಿ ಕಳುಹಿಸಿದರೆ ಅಂಚೆಯಣ್ಣ ಅದನ್ನು ಓದಲಾರ, ಕಳ್ಳ ಓದುತ್ತಾನೆ. ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸಂಸ್ಥೆ 2015ರಿಂದ ಈ ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿಯೇ ಕೊಡುತ್ತಿದೆ. ಒಳ್ಳೆಯ ತಾಣಗಳಿಗೆ ಅದರಿಂದ ಉಪಕಾರವಾಗಿದೆ, ಜೊತೆಗೆ ನಕಲಿ ತಾಣಗಳಿಗೂ ಬೀಗ ಸಿಗುತ್ತದೆ. ಬೀಗವನ್ನು ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎಂಬ ಕಾರಣಕ್ಕೇ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರಿನಿಂದ ಆ ಗುರುತನ್ನು ತೆಗೆದು ಬೇರೊಂದು ಚಿಹ್ನೆ ಹಾಕಿತು.

‘ಕನ್ನಡ ತಪ್ಪಿದ್ದರೆ ನಕಲಿ’ ಎಂಬ ಸೂತ್ರವೂ ಈಗ ಪೂರ್ತಿ ನಡೆಯುವುದಿಲ್ಲ. ಮೊದಲು ಒತ್ತಕ್ಷರ ಚದುರಿದ, ಅರ್ಥವಿಲ್ಲದ ಕನ್ನಡ ನೋಡಿಯೇ ಅನುಮಾನ ಬರುತ್ತಿತ್ತು. ಈಗ ಅನುವಾದ ಮಾಡುವ ಯಂತ್ರಗಳು ಸುಧಾರಿಸಿವೆ. ತಪ್ಪು ಕನ್ನಡ ಕಂಡರೆ ಅನುಮಾನಿಸಿ. ಸರಿ ಕನ್ನಡ ಕಂಡಿತೆಂದು ನಂಬಬೇಡಿ.

ಹಾಗಾದರೆ ಏನನ್ನು ನೋಡಬೇಕು?

ವಿಳಾಸವನ್ನು. ಪುಟದ ಮುಖವನ್ನು ಯಾರು ಬೇಕಾದರೂ ನಕಲು ಮಾಡಬಹುದು, ವಿಳಾಸದ ಕೊನೆಯನ್ನು ಮಾಡಲಾಗದು.

ಹಳೇಕೋಟೆ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಹಳೇಕೋಟೆ ಇದೆ, ದಕ್ಷಿಣ ಕನ್ನಡದ ಉಳ್ಳಾಲದಲ್ಲೂ ಹಳೇಕೋಟೆ ಇದೆ. ಕಾಗದದ ಮೇಲೆ ‘ಹಳೇಕೋಟೆ’ ಎಂದಷ್ಟೇ ಬರೆದರೆ ಎಲ್ಲಿಗೆ ಹೋಗಬೇಕೆಂದು ಅಂಚೆಯವರಿಗೆ ತಿಳಿಯದು. ಕೊನೆಯಲ್ಲಿರುವ ತಾಲ್ಲೂಕು, ಜಿಲ್ಲೆ ನೋಡಿದರೆ ತಿಳಿಯುತ್ತದೆ. ವೆಬ್ ವಿಳಾಸವೂ ಹಾಗೆಯೇ. ಶುರುವಿನಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ಕೊನೆಯೇ ಮುಖ್ಯ.

ಕೊನೆ ಎಂದರೆ ಎಲ್ಲಿ? ವಿಳಾಸದಲ್ಲಿ ಶುರುವಿನ ಜೋಡಿ ಓರೆಗೆರೆ ಬಿಟ್ಟು, ಆಮೇಲೆ ಸಿಗುವ ಮೊದಲ ಓರೆಗೆರೆಯವರೆಗೆ ಓದಿ. ಆ ಓರೆಗೆರೆಗೆ ಮೊದಲಿರುವುದೇ ಕೊನೆ. ಫೋನಿನಲ್ಲಿ ಇವು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ. ತಿಳಿಯಲೆಂದು ಕನ್ನಡದಲ್ಲಿ ಬರೆದಿದ್ದೇವೆ.

ಸೇವಾಸಿಂಧು.ಕರ್ನಾಟಕ.ಗವ್.ಇನ್/ ಎಂದಿದ್ದರೆ ಕೊನೆ ‘ಗವ್.ಇನ್’. ಅಂದರೆ ಜಿ, ಒ, ವಿ, ಚುಕ್ಕೆ, ಐ, ಎನ್. ಈ ಕೊನೆಯ ವಿಳಾಸವನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ.

ಕರ್ನಾಟಕ-ಗವ್-ಇನ್.ಆನ್‌ಲೈನ್/ ಎಂದಿದ್ದರೆ ಕೊನೆ ‘ಆನ್‌ಲೈನ್’. ನಡುವೆ ಅಡ್ಡಗೆರೆ ಹಾಕಿ ಸೇರಿಸಿದ ‘ಗವ್-ಇನ್’ಗೆ ಬೆಲೆ ಇಲ್ಲ. ಇದನ್ನು ಯಾರಾದರೂ ದುಡ್ಡು ಕೊಟ್ಟು ಕೊಳ್ಳಬಹುದು.

ಕರ್ನಾಟಕ.ಗವ್.ಇನ್.ಸಹಾಯಧನ.ಕಾಮ್/ ಎಂದಿದ್ದರೆ ಕೊನೆ ‘ಸಹಾಯಧನ.ಕಾಮ್’. ಮುಂದಿನದ್ದೆಲ್ಲ ಬರೀ ಅಲಂಕಾರ.

ಬರೀ ‘ಡಾಟ್ ಇನ್’ ಇದ್ದರೆ ಸರ್ಕಾರದ್ದು ಎಂದೂ ಅಲ್ಲ. ಅದನ್ನು ಯಾರು ಬೇಕಾದರೂ ಪಡೆಯಬಹುದು. ಹಾಗೆಯೇ ಗವ್.ಇನ್ ಇಲ್ಲದ್ದೆಲ್ಲ ನಕಲಿಯೂ ಅಲ್ಲ. ರೈಲು ಟಿಕೆಟಿನ ಐಆರ್‌ಸಿಟಿಸಿ ತಾಣದ ಕೊನೆ ‘ಕೋ.ಇನ್’. ಬ್ಯಾಂಕುಗಳಿಗಾಗಿಯೇ ‘ಬ್ಯಾಂಕ್.ಇನ್’ ಎಂಬ ಕೊನೆ ಬಂದಿದ್ದು, 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಆದರೆ ‘ರಾಜ್ಯ ಸರ್ಕಾರದ ಸಹಾಯಧನ’ ಎಂದು ಹೇಳಿಕೊಂಡು ಗವ್.ಇನ್ ಅಲ್ಲದ ವಿಳಾಸದಲ್ಲಿ ಆಧಾರ್, ಬ್ಯಾಂಕ್ ಖಾತೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

2023ರ ಜೂನ್ 18ರಂದು ಗೃಹಜ್ಯೋತಿಗೆ ಅರ್ಜಿ ಶುರುವಾದಾಗ ನಡೆದದ್ದನ್ನು ನೆನಪಿಸಿಕೊಳ್ಳಿ. ಅರ್ಜಿ ಹಾಕಬೇಕಾದದ್ದು ಸೇವಾ ಸಿಂಧುವಿನ ಗವ್.ಇನ್ ವಿಳಾಸದಲ್ಲಿ. ಮೊದಲ ದಿನಗಳಲ್ಲಿ ಲಕ್ಷಾಂತರ ಜನ ಒಟ್ಟಿಗೇ ನುಗ್ಗಿ ಸರ್ವರ್ ತಡವರಿಸಿತು. ವಿದ್ಯುತ್ ಬಿಲ್ಲಿನ ಖಾತೆ ಸಂಖ್ಯೆ ಹಾಕಿದರೆ ಗ್ರಾಹಕರ ಹೆಸರು, ವಿಳಾಸ ತಾನಾಗಿ ಬರುತ್ತಿತ್ತು. ಹಿಂದೆ ನಿಜವಾದ ದಾಖಲೆ ಇದ್ದದ್ದರಿಂದ ಅದು ಸಾಧ್ಯವಾಯಿತು. ನಕಲಿ ಪುಟಕ್ಕೆ ಅಂಥ ಕೆಲಸ ಇಲ್ಲ. ಅದಕ್ಕೇ ಅದು ಸಲೀಸಾಗಿ ಓಡುತ್ತದೆ. ಹಾಗೆಂದು ಹೆಸರು ಸರಿಯಾಗಿ ತೋರಿಸಿತೆಂಬ ಒಂದೇ ಕಾರಣಕ್ಕೂ ನಂಬಬೇಡಿ, ನಮ್ಮ ಹೆಸರು ಮತ್ತು ನಂಬರ್ ಬೇರೆಡೆಯಿಂದ ಸೋರಿರಬಹುದು. ಕೊನೆಗೂ ವಿಳಾಸವೇ ಸಾಕ್ಷಿ.

ಫೋನಿನಲ್ಲಿ ವಿಳಾಸ ಓದಲು ಕಷ್ಟವಾದರೆ?

ಕಣ್ಣು ಮಸುಕಾದ ಅಜ್ಜನಿಗೆ, ಇಂಗ್ಲಿಷ್ ಅಕ್ಷರ ಬಾರದ ತಾಯಿಗೆ ಇದೆಲ್ಲ ನೋಡು ಎಂದರೆ ಆಗುವ ಮಾತಲ್ಲ. ಅವರಿಗೆ ಇದಕ್ಕಿಂತ ಸುಲಭದ ದಾರಿ ಇದೆ: ಬಂದ ಲಿಂಕ್ ಒತ್ತದೆ ಕಚೇರಿಯಲ್ಲಿ ಕೇಳುವುದು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹೋಗುವ ಹೋಬಳಿಯ ನಾಡಕಚೇರಿ, ಗೊಬ್ಬರ ಮತ್ತು ಬೀಜದ ವಿಚಾರಕ್ಕೆ ಹೋಗುವ ರೈತ ಸಂಪರ್ಕ ಕೇಂದ್ರ, ಗ್ರಾಮ ಒನ್ ಕೇಂದ್ರ, ಇವು ನಡೆದು ಹೋಗಿ ಕೇಳಬಹುದಾದ ಜಾಗಗಳು. ಆಲೂಗೆಡ್ಡೆ ತೋಟಗಾರಿಕೆ ಇಲಾಖೆಗೆ ಸೇರುತ್ತದೆ, ಆದ್ದರಿಂದ ನಮ್ಮ ಉದಾಹರಣೆಯ ಸಂದೇಶ ಬಂದರೆ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಕೇಳಬೇಕು. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ಕರೆ ಮಾಡಬಹುದು.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರು ಒಂದು ಉಪಕಾರ ಮಾಡಬಹುದು. ಹಿರಿಯರ ಫೋನಿನಲ್ಲಿ ಸೇವಾ ಸಿಂಧು, ಭೂಮಿ, ಬ್ಯಾಂಕ್, ಇವುಗಳ ನಿಜವಾದ ವಿಳಾಸವನ್ನು ಒಮ್ಮೆ ಬ್ರೌಸರಿನಲ್ಲಿ ಉಳಿಸಿಕೊಡಿ. ‘ಬೇಕಾದರೆ ಇಲ್ಲಿಂದ ಹೋಗಿ, ವಾಟ್ಸ್‌ಆ್ಯಪಿನಿಂದ ಹೋಗಬೇಡಿ’ ಎಂದು ಹೇಳಿ. ಲಿಂಕ್ ಒತ್ತಿದಾಗ ‘ಆ್ಯಪ್ ಇನ್‌ಸ್ಟಾಲ್ ಮಾಡಿ’ ಎಂದು ಎಪಿಕೆ ಫೈಲ್ ಬಂದರೆ ಅದನ್ನು ತೆರೆಯಲೇಬಾರದು ಎಂಬುದನ್ನೂ ಸೇರಿಸಿ.

ವಿವರ ತುಂಬಿ ಆಗಿದ್ದರೆ ಏನು ಮಾಡುವುದು?

ನಾಚಿಕೊಂಡು ಸುಮ್ಮನಿರುವುದು ಎಲ್ಲಕ್ಕಿಂತ ದುಬಾರಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗಳಿಗೆ ಹೋಗುವ ಮೊದಲು ತಡೆಹಿಡಿಯುವ ಅವಕಾಶ ಹೆಚ್ಚು. ಬ್ಯಾಂಕಿಗೆ ತಿಳಿಸಿ, ಪಿನ್ ಬದಲಿಸಿ. ಆಧಾರ್ ಸಂಖ್ಯೆ ಕೊಟ್ಟಿದ್ದರೆ ಅಧಿಕೃತ ಆಧಾರ್ ತಾಣದಲ್ಲೋ ಆ್ಯಪಿನಲ್ಲೋ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು. ಒಟಿಪಿ, ಯುಪಿಐ ಪಿನ್ ಮಾತ್ರ ಯಾರಿಗೂ ಹೇಳಬಾರದು. ಹಣ ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಆಮೇಲೆ ಅದೇ ಗ್ರೂಪಿನಲ್ಲಿ ‘ನಾನು ಕಳುಹಿಸಿದ್ದು ನಕಲಿ, ಒತ್ತಬೇಡಿ’ ಎಂದು ಬರೆಯಿರಿ. ಆ ಒಂದು ಸಾಲು ಪಕ್ಕದ ಮನೆಯವರ ದುಡ್ಡು ಉಳಿಸಬಹುದು.

ಹಾಗಾದರೆ ಈ ಸಾಧನಗಳೇ ಕೆಟ್ಟವೇ?

ಅಲ್ಲ. ಚಿಕ್ಕ ಅಂಗಡಿ, ಸಂಘ, ಶಾಲೆ, ಊರಹಬ್ಬ, ಎಲ್ಲಕ್ಕೂ ಕೋಡ್ ಬಾರದವರೇ ಪುಟ ಮಾಡಿಕೊಳ್ಳುವಂತಾಗಿದೆ, ಅದು ಒಳ್ಳೆಯದೇ. ಆದರೆ ಮಾಡುವವರಿಗೂ ಒಂದು ಹೊಣೆ ಇದೆ. ಹುರಿಹಿಟ್ಟಿನ ಪುಟದಲ್ಲಿ ಹೆಸರು, ಊರು, ಎಷ್ಟು ಕಿಲೋ ಎಂದು ಕೇಳಿದರೆ ಸಾಕು, ಆಧಾರ್ ಯಾಕೆ? ಕೇಳಿದ ವಿವರ ಯಾರ ಬಳಿ ಇರುತ್ತದೆ, ಯಾರಿಗೆ ಫೋನ್ ಮಾಡಬೇಕು ಎಂದು ಪುಟದಲ್ಲೇ ಬರೆಯಬೇಕು. ಗೂಗಲ್ ಫಾರ್ಮ್ಸ್ ತನ್ನ ಪ್ರತಿ ಅರ್ಜಿಯ ಅಡಿಯಲ್ಲಿ ‘ಇದರ ಮೂಲಕ ಪಾಸ್‌ವರ್ಡ್ ಕಳುಹಿಸಬೇಡಿ’ ಎಂದು ಅಚ್ಚು ಹಾಕಿರುತ್ತದೆ. ಸಾಧನ ಮಾಡಿದವರಿಗೇ ಅದರ ದುರ್ಬಳಕೆ ಗೊತ್ತಿದೆ ಎಂದಾಯಿತು.

ಸಾರಾಂಶ

ಲಾಂಛನ, ಫೋಟೋ, ಕನ್ನಡ, ಬಟನ್, ಬೀಗ, ಕಾಮೆಂಟು, ತಿರುಗುವ ಚಕ್ರ, ಇವೆಲ್ಲ ಪುಟದ ಮುಖಕ್ಕೆ ಸೇರಿದವು. ಎಳೆದು ಬಿಟ್ಟು ಒಂದೆರಡು ಗಂಟೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಆದ್ದರಿಂದ ‘ನೋಡಲು ಸರ್ಕಾರದ ತಾಣದಂತಿದೆ, ಹಾಗಾಗಿ ನಿಜ’ ಎಂಬ ನಂಬಿಕೆ ತಪ್ಪು. ವಿಳಾಸದ ಕೊನೆ ನೋಡಿ, ಸಾಧ್ಯವಾಗದಿದ್ದರೆ ಕಚೇರಿಯಲ್ಲಿ ಕೇಳಿ. ಎರಡೂ ಆಗದಿದ್ದರೆ ಫಾರ್ವರ್ಡ್ ಮಾಡಬೇಡಿ. ನಿಜವಾದ ಯೋಜನೆಯಾದರೆ ನಾಳೆ ನಾಡಕಚೇರಿಯಲ್ಲೂ ಅದರ ಸುದ್ದಿ ಇರುತ್ತದೆ.